ಯುದ್ಧದ ನಡುವೆ ಕೇಳಿದ ಮೂರು ಲಕ್ಷ

ಇದು ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಹೋದ ವಾರ ನಮ್ಮ ಕಡೆ ಒಂದು ಕಚೇರಿ ಮುಂದೆ ಹಾಸ್ಟೆಲ್ ಮಕ್ಕಳು ಧರಣಿ ಕೂತಿದ್ದರು. ಯಾವ ಕಚೇರಿ, ಯಾವ ಕಾಲೇಜು ಅಂತ ಬರೆಯಲ್ಲ. ನಾಳೆ ಆ ಮಕ್ಕಳು ಅಲ್ಲೇ ಹೋಗಿ ಸಹಿ ಹಾಕಿಸಿಕೊಳ್ಳಬೇಕು. ಹೋದ ವರ್ಷದ ಸ್ಕಾಲರ್‌ಶಿಪ್ ಇನ್ನೂ ಖಾತೆಗೆ ಬಿದ್ದಿಲ್ಲ. ಈ ವರ್ಷದ ಫೀ ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂತ ಕಾಲೇಜಿನವರು ಹೇಳಿದ್ದಾರೆ. ನಲವತ್ತು ಮಕ್ಕಳು, ಎರಡು ಬ್ಯಾನರು, ನಡುನಡುವೆ ಕೀರಲು ಹೊಡೆಯುವ ಒಂದು ಮೈಕು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಎದುರಿನ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ನಿಂತು ನೋಡ್ತಿದ್ದರು. ಕೆಟ್ಟ ಮನುಷ್ಯ ಅಲ್ಲ, ಒಂದು ಹುಡುಗಿಗೆ ನೀರಿನ ಬಾಟಲಿ ಕೊಡಿಸಿದ್ದೂ ಅವರೇ. ಸ್ವಲ್ಪ ಹೊತ್ತಾದ ಮೇಲೆ ಬಾಯಿಬಿಟ್ಟರು: "ಗಡಿಯಾಗ ನಮ್ಮ ಹುಡುಗ್ರು ಗುಂಡಿಗೆ ಎದಿ ಕೊಟ್ಟ ನಿಂತಾರ. ನಿಮಗ ಇಲ್ಲಿ ಸ್ಕಾಲರ್‌ಶಿಪ್ಪಿಂದ ಆಗೇತಿ. ಇದು ಕೇಳೂ ಹೊತ್ತೇನವಾ?"

ಬಿ.ಎಸ್ಸಿ. ಎರಡನೇ ವರ್ಷದ ಆ ಹುಡುಗಿ ನೀರು ಕುಡಿದು, ಬಾಟಲಿ ಮುಚ್ಚಿ, ಮೆಲ್ಲಗೆ ಹೇಳಿದಳು: "ನಮ್ಮಣ್ಣಾನೂ ಅಲ್ಲೇ ಅದಾನ್ರಿ ಕಾಕಾ. ಅವನ ಪಗಾರದಾಗ ನನ್ನ ಫೀ ಕಟ್ಟೀವಿ. ಸರ್ಕಾರ ಕೊಡೂದನ್ನ ಅವ ಕೊಡಾಕತ್ತಾನ."

ಆ ಹಿರಿಯರು ಏನೂ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ. ರಾತ್ರಿ ಮನೆಗೆ ಬಂದು ಹಳೇ ಪುಸ್ತಕ ತೆಗೆದು ಕೂತೆ. "ಇದು ಕೇಳೂ ಹೊತ್ತೇನವಾ" ಅನ್ನೋ ಮಾತು ಇದೇ ಮೊದಲ ಸಲ ಕೇಳಿದ್ದಲ್ಲ ಅನಿಸಿತು. ನೂರು ವರ್ಷಕ್ಕೂ ಹಿಂದಿನಿಂದ ಇದನ್ನೇ ನಮಗೆ ಹೇಳ್ತಾ ಬಂದಿದ್ದಾರೆ. ಆ ಮಾತಿಗೆ ನಮ್ಮವರು ಏನು ಉತ್ತರ ಕೊಟ್ಟಿದ್ದರು ಅನ್ನೋದನ್ನ ನಾವೇ ಮರೆತುಬಿಟ್ಟಿದ್ದೀವಿ.

ಮೊದಲು ನಮ್ಮ ಅಜ್ಜನ ವಿಷಯ ಹೇಳ್ತೀನಿ.

ಅಜ್ಜ ಸೈನ್ಯ ಸೇರಿದ್ದು 1942ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1941ರ ಅಕ್ಟೋಬರ್ 1ರಂದು, ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದರು. ಹೌದು, ನಮ್ಮ ಬೆಳಗಾವಿಯಲ್ಲಿ. ಊರಲ್ಲಿ ಹೊಟೇಲಿನ ಹೊರಗೆ ನಿಂತು ಚಹಾ ಕುಡಿಯಬೇಕಿದ್ದ ಹುಡುಗ ಬೂಟು ಹಾಕಿಕೊಂಡು ರೈಲು ಹತ್ತಿದ. ನಾಲ್ಕು ವರ್ಷ ಬಿಟ್ಟು, ಯುದ್ಧ ಮುಗಿದ ಮೇಲೆ ವಾಪಸ್ ಬಂದ. ತಂದದ್ದು ಒಂದು ಕಬ್ಬಿಣದ ಟ್ರಂಕು, ಒಂದು ಕಂಬಳಿ, ಒಂದು ಮೆಡಲು. ಪೆನ್ಶನ್ ಇಲ್ಲ, ಅಷ್ಟು ವರ್ಷ ಸರ್ವೀಸ್ ಆಗಿರಲಿಲ್ಲ. ಇನ್ನೊಂದು ವಸ್ತುವನ್ನೂ ತಂದಿದ್ದ: ಸಹಿ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೇ ಸಹಿ ಹಾಕಿದ ಮೊದಲ ಮನುಷ್ಯ ಅವನೇ. ಆದರೆ ಆ ಸಹಿ ಇಂಗ್ಲಿಷ್ ಅಕ್ಷರದಲ್ಲಿತ್ತು! ಆಗಿನ ಸೈನ್ಯದಲ್ಲಿ ಜವಾನರಿಗೆ ಪಾಠ ಹೇಳಿಕೊಡುತ್ತಿದ್ದದ್ದು ರೋಮನ್ ಉರ್ದುವಿನಲ್ಲಿ, ಅಂದರೆ ಉರ್ದು ಮಾತು, ಇಂಗ್ಲಿಷ್ ಲಿಪಿ. ಊರಿನವರು ಅಜ್ಜನಿಗೆ ಇಂಗ್ಲಿಷ್ ಬರ್ತದೆ ಅಂತ ಸಾಯೋತನಕ ನಂಬಿದ್ದರು. ಕನ್ನಡ ಓದಲು ಮಾತ್ರ ಅವನಿಗೆ ಕಡೇವರೆಗೂ ಬರಲಿಲ್ಲ. ಊರಿನ ಸಾಲಿಯಲ್ಲಿ ನಮ್ಮ ಕೇರಿ ಮಕ್ಕಳಿಗೆ ಜಾಗ ಇರಲಿಲ್ಲವಲ್ಲ.

ಶಾಲೆ ಕೊಡದ ಅಕ್ಷರವನ್ನು ಪಲ್ಟಣ ಕೊಟ್ಟಿತ್ತು. ಹಾಗಾಗಿ ಸೈನ್ಯದ ಖರ್ಚಿನ ಬಗ್ಗೆ ಬರೆಯುವಾಗ ನಾನು ಸೈನ್ಯವನ್ನು ಹಗುರವಾಗಿ ಮಾತಾಡಲು ಆಗಲ್ಲ. ನಮ್ಮ ಚರಿತ್ರೆಯೇ ಹಾಗಿದೆ.

ಬಾಬಾಸಾಹೇಬರ ಮನೆಯದೂ ಇದೇ ಕಥೆ. ಅಜ್ಜ ಮಾಲೋಜಿ ಸಿಪಾಯಿ. ಅಪ್ಪ ರಾಮಜಿ ಸಕ್ಪಾಲ್ ಸುಬೇದಾರ್ ಮೇಜರ್, ಮಿಲಿಟರಿ ಶಾಲೆಯ ಹೆಡ್‌ಮಾಸ್ತರ. ಕಂಪನಿಯ ಸೈನ್ಯದಲ್ಲಿ ಸಿಪಾಯಿಗಳ ಮಕ್ಕಳು, ಗಂಡಿರಲಿ ಹೆಣ್ಣಿರಲಿ, ಓದುವುದು ಕಡ್ಡಾಯವಾಗಿತ್ತು ಅಂತ ಬಾಬಾಸಾಹೇಬರೇ ನೆನಪು ಮಾಡಿಕೊಂಡಿದ್ದಾರೆ. ಅದಕ್ಕೇ ಅವರ ಮನೆಯ ಹೆಣ್ಣುಮಕ್ಕಳಿಗೂ ಓದು ಬರುತ್ತಿತ್ತು. ಕೋರೆಗಾಂವದ ಸ್ತಂಭದ ಮುಂದೆ ಜನವರಿ 1ಕ್ಕೆ ನಾವೆಲ್ಲ ಹೋಗಿ ನಿಲ್ತೀವಿ, 1818ರ ಶೌರ್ಯದ ಭಾಷಣ ಮಾಡ್ತೀವಿ. ಆದರೆ ಆ ಸೈನ್ಯದ ಒಳಗೆ ಒಂದು ಶಾಲೆ ಇತ್ತು ಅನ್ನೋದನ್ನ ಎಷ್ಟು ಜನ ಹೇಳ್ತೀವಿ? ಕತ್ತಿಗಿಂತ ಆ ಶಾಲೆಯಿಂದಲೇ ನಮಗೆ ಹೆಚ್ಚು ಸಿಕ್ಕಿತು ಅಂತ ನನಗನಿಸುತ್ತದೆ. ಜಗಳಕ್ಕೆ ಬರೋರು ಕಾಮೆಂಟಿನಲ್ಲಿ ಬನ್ನಿ.

ಆ ಬಾಗಿಲು ಮುಚ್ಚಿದ್ದು 1892ರಲ್ಲಿ. ಕೆಲವು ಜಾತಿಗಳು ಮಾತ್ರ ಹುಟ್ಟಾ ಯೋಧರು, ಉಳಿದವರು ಅಲ್ಲ ಅನ್ನೋ ಬ್ರಿಟಿಷರ ಹೊಸ ಸಿದ್ಧಾಂತ ಬಂತು. ಮಹಾರರ ನೇಮಕಾತಿ ನಿಂತಿತು. ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ, ಮಹೂ ದಂಡಿನ ಪಾಳ್ಯದಲ್ಲಿ. ಅವರ ತೊಟ್ಟಿಲು ತೂಗುವ ಹೊತ್ತಿಗೇ ಆ ದಾರಿ ಬಂದ್ ಆಗ್ತಿತ್ತು. ಮುಂದೆ ಸಾತಾರಾದ ಶಾಲೆಯಲ್ಲಿ ಅವರು ಗೋಣಿಚೀಲ ಹಾಸಿಕೊಂಡು ಮೂಲೆಯಲ್ಲಿ ಕೂತದ್ದು, ಜವಾನ ಇಲ್ಲದ ದಿನ ನೀರಿಲ್ಲದೆ ಇದ್ದದ್ದು ನಿಮಗೆಲ್ಲ ಗೊತ್ತು. ದಂಡಿನ ಪಾಳ್ಯದ ಶಾಲೆಗೂ ಊರಿನ ಶಾಲೆಗೂ ಇದ್ದ ಅಂತರ ಅದು. ಗೋಪಾಳ ಬಾಬಾ ವಲಂಗಕರ್ 1894ರಲ್ಲಿ, ಶಿವರಾಮ ಜಾನಬಾ ಕಾಂಬಳೆ 1910ರಲ್ಲಿ, ನಮ್ಮವರನ್ನು ಸೈನ್ಯಕ್ಕೆ ತಗೊಳ್ಳಿ ಅಂತ ಅರ್ಜಿ ಬರೆದರು. ಮೊದಲ ಮಹಾಯುದ್ಧಕ್ಕೆ ಜನ ಸಾಲದೇ ಹೋದಾಗ 1917ರಲ್ಲಿ ಒಂದು ಮಹಾರ್ ಪಡೆ ಕಟ್ಟಿದರು, ಯುದ್ಧ ಮುಗಿದ ಕೆಲವೇ ವರ್ಷಕ್ಕೆ ಅದನ್ನು ವಿಸರ್ಜಿಸಿಯೂಬಿಟ್ಟರು. ಬೇಕಾದಾಗ ಕರೆಯೋದು, ಬೇಡವಾದಾಗ ಕಳಿಸೋದು.

ಈಗ ಖಜಾನೆಯ ಕಡೆ ಬರೋಣ.

1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ತಮ್ಮ ನಿವೇದನೆ ಇಟ್ಟರು. ಅವರ ವಾದ ಬಹಳ ಸರಳ. ಸರ್ಕಾರದ ಆದಾಯದ ದೊಡ್ಡ ಭಾಗ ಬರೋದು ಬೆವರು ಸುರಿಸುವ ರೈತನಿಂದ, ಆ ದುಡ್ಡು ಖರ್ಚಾಗೋದು ಮೇಲಿನವರ ಮಕ್ಕಳ ಓದಿಗೆ. ಬುಡದ ಶಾಲೆಗೆ ದುಡ್ಡು ಹಾಕಿ ಅಂದರು. ಕೇಳಿದವರು ಯಾರು?

ಗೋಪಾಲಕೃಷ್ಣ ಗೋಖಲೆ ವರ್ಷವರ್ಷ ಬಜೆಟ್ ಭಾಷಣದಲ್ಲಿ ಸೈನ್ಯದ ಖರ್ಚಿನ ಲೆಕ್ಕ ತೆಗೆಯುತ್ತಿದ್ದರು. 1911ರಲ್ಲಿ ಅವರು ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ದೊಡ್ಡ ಕ್ರಾಂತಿಯೇನೂ ಅದರಲ್ಲಿ ಇರಲಿಲ್ಲ. ಆಯ್ದ ಕಡೆಗಳಲ್ಲಿ, 6ರಿಂದ 10 ವರ್ಷದ ಗಂಡುಮಕ್ಕಳಿಗೆ ಮೊದಲು, ಅಷ್ಟೇ. 1912ರ ಮಾರ್ಚಿನಲ್ಲಿ ಮತಕ್ಕೆ ಹಾಕಿದರು. ಪರ 13, ವಿರೋಧ 38. ದುಡ್ಡಿಲ್ಲ, ಕಾಲ ಕೂಡಿ ಬಂದಿಲ್ಲ ಅಂತ ಸರ್ಕಾರ ಹೇಳಿತು. ಜಮೀನುದಾರರೂ ಸರ್ಕಾರದ ಜೊತೆ ಕೈ ಎತ್ತಿದರು. ಕೂಲಿಯವನ ಮಗ ಶಾಲೆಗೆ ಹೋದರೆ ದನ ಕಾಯೋರು ಯಾರು ಅನ್ನೋದು ಅವರ ಚಿಂತೆ. ಅದನ್ನು ಬಾಯಿಬಿಟ್ಟು ಹೇಳಲಾಗದವರಿಗೆ "ದುಡ್ಡಿಲ್ಲ" ಅನ್ನೋದು ಒಳ್ಳೇ ನೆಪ.

ಇದು ಬ್ರಿಟಿಷ್ ಇಂಡಿಯಾದ ಮಾತಾಯ್ತು, ಮೈಸೂರಿನ ಮಹಾರಾಜರು ಹಾಗಿರಲಿಲ್ಲ ಅಂತ ಹಳೇ ಮೈಸೂರಿನ ಗೆಳೆಯರು ನನಗೆ ಯಾವಾಗಲೂ ಹೇಳ್ತಾರೆ. ನಾಲ್ವಡಿಯವರ ಕಾಲದಲ್ಲಿ ನಮ್ಮ ಮಕ್ಕಳಿಗೆ ಸರ್ಕಾರಿ ಶಾಲೆ ಬಾಗಿಲು ತೆರೆಯಿತು ಅನ್ನೋದು ನಿಜ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದದ್ದೂ ನಿಜ. ಆದರೆ ಮೈಸೂರಿನ ಲೆಕ್ಕದಲ್ಲೂ ಸೈನ್ಯದ ಒಂದು ದೊಡ್ಡ ಬಾಬ್ತು ಇತ್ತು. ಟಿಪ್ಪು ಹುತಾತ್ಮನಾದ 1799ರ ನಂತರದ ಒಪ್ಪಂದದ ಪ್ರಕಾರ ಮೈಸೂರು ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿಯನ್ನು ಬ್ರಿಟಿಷರ ಪಡೆಯ ಖರ್ಚಿಗೆ ಅಂತ ಕಟ್ಟಬೇಕಿತ್ತು. 1896ರಿಂದ ಅದು 35 ಲಕ್ಷ ಆಯಿತು. ಮತ್ತೆ ಕಡಿಮೆಯಾಗಿದ್ದು 1920ರ ದಶಕದ ಕೊನೆಗೆ. ತಮ್ಮನ್ನು ಸೋಲಿಸಿದವರ ಸೈನ್ಯಕ್ಕೆ ತಾವೇ ಬಾಡಿಗೆ ಕಟ್ಟಿದ ಹಾಗೆ! ಆ ಕಂದಾಯ ಬೆಳೆದದ್ದು ಯಾರ ಬೆನ್ನಿನ ಮೇಲೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಆಗ ಮುಂಬಯಿ ಪ್ರಾಂತ್ಯ. ಬಾಬಾಸಾಹೇಬರು 1925ರಲ್ಲಿ ನಿಪ್ಪಾಣಿಗೆ ಬಂದು ಸಮ್ಮೇಳನ ಮಾಡಿದ್ದು ಸುಮ್ಮನೆ ಅಲ್ಲ, ಇದೂ ಅವರದೇ ಪ್ರಾಂತ್ಯ. 1927ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿಗೆ ನಾಮಕರಣ ಸದಸ್ಯರಾಗಿ ಹೋದರು. ಆ ಮಾರ್ಚ್ 12ರಂದು ಶಿಕ್ಷಣದ ಅನುದಾನದ ಮೇಲೆ ಮಾತಾಡಿದರು. ನಮ್ಮ ಹುಡುಗರು ಈ ಭಾಷಣವನ್ನ ಓದಲೇಬೇಕು. ಅದರಲ್ಲಿ ಕಣ್ಣೀರಿಲ್ಲ, ಬರೀ ಲೆಕ್ಕ ಇದೆ. ಸರ್ಕಾರ ಒಬ್ಬ ಮನುಷ್ಯನ ಓದಿಗೆ ವರ್ಷಕ್ಕೆ ಖರ್ಚು ಮಾಡೋದು 14 ಆಣೆ, ಅಂದರೆ ಒಂದು ರೂಪಾಯಿಯೂ ಪೂರಾ ಅಲ್ಲ. ಅದೇ ಮನುಷ್ಯನಿಂದ ಹೆಂಡದ ಸುಂಕ ಅಂತ ವಸೂಲು ಮಾಡೋದು 2 ರೂಪಾಯಿ 17 ಪೈಸೆಯ ಲೆಕ್ಕ. ಕುಡಿಸಿ ಕಿತ್ತುಕೊಂಡಷ್ಟನ್ನಾದರೂ ಓದಿಸಲು ವಾಪಸ್ ಕೊಡಿ ಅನ್ನೋದು ಅವರ ಬೇಡಿಕೆ. ಈಗಿನ ವೇಗದಲ್ಲಿ ಹೋದರೆ ಗಂಡುಮಕ್ಕಳೆಲ್ಲ ಶಾಲೆಗೆ ಬರಲು 40 ವರ್ಷ, ಹೆಣ್ಣುಮಕ್ಕಳು ಬರಲು 300 ವರ್ಷ ಬೇಕು ಅನ್ನೋ ಅಂದಾಜನ್ನೂ ಮುಂದಿಟ್ಟರು.

ಮುನ್ನೂರು ವರ್ಷ! ಆ ಲೆಕ್ಕದಲ್ಲಿ ಮೊನ್ನೆ ಧರಣಿ ಕೂತ ಹುಡುಗಿಯ ಸರದಿ ಇನ್ನೂ ಬಂದಿಲ್ಲ.

ಮಾರ್ಚ್ 12ಕ್ಕೆ ಈ ಭಾಷಣ. ಎಂಟು ದಿನ ಬಿಟ್ಟು, ಮಾರ್ಚ್ 20ಕ್ಕೆ, ಮಹಾಡದ ಚವದಾರ ಕೆರೆ. ಕೆರೆಯ ನೀರು ನಮಗೆ ನೆನಪಿದೆ, ಹದಿನಾಲ್ಕು ಆಣೆ ನೆನಪಿಲ್ಲ. ಮುಂದೆ ನಮ್ಮ ದಲಿತ ಸಂಘರ್ಷ ಸಮಿತಿ "ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ಊರೂರು ಸುತ್ತಿತಲ್ಲ, ಅದರ ಬೇರು ಈ ಭಾಷಣದಲ್ಲಿದೆ ಅಂತ ನಾನು ತಿಳಿದಿದ್ದೀನಿ. ಮಾತಾಡಿ ಸುಮ್ಮನಾದವರೂ ಅಲ್ಲ ಅವರು. ಎರಡೇ ವರ್ಷದಲ್ಲಿ ಧಾರವಾಡದಲ್ಲಿ ಅಸ್ಪೃಶ್ಯ ಮಕ್ಕಳಿಗೆ ಹಾಸ್ಟೆಲ್ ಶುರುವಾಯಿತು.

ಈಗ 1942. ನಾನು ಇಷ್ಟು ಸುತ್ತಿ ಬಂದದ್ದು ಇಲ್ಲಿಗೇ.

ಆ ವರ್ಷ ಹೇಗಿತ್ತು ನೆನಪು ಮಾಡಿಕೊಳ್ಳಿ. ಜಪಾನಿನವರು ಬರ್ಮಾ ಹಿಡಿದು ಅಸ್ಸಾಮಿನ ಬಾಗಿಲಿಗೆ ಬಂದಿದ್ದರು. ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ, ಊರೂರಲ್ಲಿ ತಂತಿ ಕತ್ತರಿಸಿದ್ದರು, ಜೈಲು ತುಂಬಿತ್ತು. ಕೋಟಿಗಟ್ಟಲೆ ದುಡ್ಡು ಯುದ್ಧಕ್ಕೆ ಹೋಗ್ತಿತ್ತು, ನೋಟು ಮುದ್ರಿಸಿ ಮುದ್ರಿಸಿ ಅಕ್ಕಿ ಬೆಲೆ ಏರಿತ್ತು. "ಈಗ ಯುದ್ಧ ನಡೀತಿದೆ, ಏನೂ ಕೇಳಬೇಡಿ" ಅನ್ನೋ ಮಾತಿಗೆ ಅದಕ್ಕಿಂತ ಸರಿಯಾದ ವರ್ಷ ಈ ದೇಶದ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಬಾಬಾಸಾಹೇಬರು ಆಗ ಸರ್ಕಾರದ ಹೊರಗೂ ಇರಲಿಲ್ಲ. 1941ರ ಜುಲೈಯಿಂದ ವೈಸರಾಯ್ ಅವರ ರಾಷ್ಟ್ರೀಯ ರಕ್ಷಣಾ ಮಂಡಳಿಯಲ್ಲಿದ್ದರು, 1942ರ ಜುಲೈಯಲ್ಲಿ ಕಾರ್ಮಿಕ ಸದಸ್ಯರಾಗಿ ವೈಸರಾಯ್ ಕಾರ್ಯಕಾರಿ ಮಂಡಳಿಗೆ ಹೋದರು. ಮಹಾರ್ ರೆಜಿಮೆಂಟ್ ಆಗಬೇಕು ಅಂತ ಹಟ ಹಿಡಿದವರೂ ಅವರೇ, ಸೈನ್ಯ ಸೇರಿ ಅಂತ ನಮ್ಮ ಹುಡುಗರಿಗೆ ಕರೆ ಕೊಟ್ಟವರೂ ಅವರೇ. ನಮ್ಮಜ್ಜ ಹೋದದ್ದು ಆ ಕರೆಗೆ.

ಅದೇ ಮನುಷ್ಯ 1942ರ ಅಕ್ಟೋಬರ್ 29ರಂದು ವೈಸರಾಯ್ ಲಿನ್‌ಲಿತ್‌ಗೋ ಕೈಗೆ ಒಂದು ಮನವಿ ಪತ್ರ ಕೊಟ್ಟರು. ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಪಟ್ಟಿ ಅದು. ಅದರೊಳಗೆ ಶಿಕ್ಷಣದ ಬೇಡಿಕೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ, ತಾಂತ್ರಿಕ ವಿಷಯ ಓದುವ ನಮ್ಮ ಮಕ್ಕಳಿಗೆ ವರ್ಷಕ್ಕೆ 2 ಲಕ್ಷ, ವಿದೇಶಕ್ಕೆ ಕಳಿಸಿ ಓದಿಸಲು ವರ್ಷಕ್ಕೆ 1 ಲಕ್ಷ. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ನೀವು ವರ್ಷವರ್ಷ ಅನುದಾನ ಕೊಡ್ತೀರಲ್ಲ, ನಮಗೇನು ಕೊಟ್ಟಿರಿ ಅನ್ನೋದು ಪ್ರಶ್ನೆ. ನೋಡಿ, ವಿಜ್ಞಾನ, ತಾಂತ್ರಿಕ ಅಂತ ಹೆಸರು ಹಿಡಿದು ಕೇಳಿದ್ದಾರೆ. ಓದು ಕಲಿಸಿ ಅಂತ ಗೋಗರೆಯಲಿಲ್ಲ. ಎಷ್ಟು, ಯಾವುದಕ್ಕೆ ಅಂತ ಮೊತ್ತ ಬರೆದರು.

ವೈಸರಾಯ್ ಜೊತೆಗಿನ ಮಾತುಕತೆಯನ್ನು ಬಾಬಾಸಾಹೇಬರು ಆಮೇಲೆ ಹೇಳಿಕೊಂಡಿದ್ದಾರೆ. ನಾನೊಬ್ಬ ಐನೂರು ಪದವೀಧರರಿಗೆ ಸಮ ಅಲ್ಲವೇ ಅಂತ ಅವರನ್ನೇ ಕೇಳಿದೆ, ಅಂಥ ಓದು ಓದಿ ಆಯಕಟ್ಟಿನ ಜಾಗದಲ್ಲಿ ಕೂತು ಇಡೀ ಸಮುದಾಯದ ಮೇಲೆ ಕಣ್ಣಿಡುವವರು ನನಗೆ ಬೇಕು, ಅಂದೆ ಅನ್ನೋ ಅರ್ಥದ ಮಾತು. ಯುದ್ಧದ ನಡುವೆಯೇ, 1944ರಲ್ಲಿ, ವರ್ಷಕ್ಕೆ 3 ಲಕ್ಷ ರೂಪಾಯಿಯ ವಿದ್ಯಾರ್ಥಿವೇತನ ಮಂಜೂರಾಯಿತು. ಕೆಲವರು ಸಮುದ್ರ ದಾಟಿ ಓದಲು ಹೋದರು.

ಇವತ್ತು ನಿಮ್ಮ ಮಕ್ಕಳು ಅರ್ಜಿ ಹಾಕುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆಯಲ್ಲ, ಅದು ಹುಟ್ಟಿದ್ದು ಹೀಗೆ, 1944ರಲ್ಲಿ. ಸ್ವಾತಂತ್ರ್ಯಕ್ಕಿಂತ ಮೂರು ವರ್ಷ ಹಿರಿಯದು, ಸಂವಿಧಾನಕ್ಕಿಂತ ಆರು ವರ್ಷ ಹಿರಿಯದು. ತೊಂಬತ್ತರ ದಶಕದಲ್ಲಿ ನಾನು ಧಾರವಾಡದಲ್ಲಿ ಮೆಸ್ ಬಿಲ್ ಕಟ್ಟಿದ್ದು ಅದೇ ದುಡ್ಡಿನಲ್ಲಿ. ಅದು ಆರು ತಿಂಗಳು ತಡವಾಗಿ ಬಂದ ವರ್ಷ ನಾವು ಮೂರು ಜನ ಎರಡು ತಟ್ಟೆಯಲ್ಲಿ ಊಟ ಮಾಡಿದ್ದೂ ನೆನಪಿದೆ, ಇರಲಿ.

ಚಹಾದಂಗಡಿಯ ಹಿರಿಯರಿಗೆ ನಾನು ಅವತ್ತು ಹೇಳಬೇಕಿದ್ದ ಮಾತು ಇದು. ಯುದ್ಧ ನಡೆಯುವಾಗ ಕೇಳಬಾರದು ಅಂದಿದ್ದರೆ ಆ ಸ್ಕಾಲರ್‌ಶಿಪ್ ಹುಟ್ಟುತ್ತಲೇ ಇರಲಿಲ್ಲ. ಕೇಳಿದವರು ದೇಶದ ರಕ್ಷಣಾ ಮಂಡಳಿಯಲ್ಲಿ ಕೂತಿದ್ದವರು. ಕೊಟ್ಟವರು ಯುದ್ಧ ಮಾಡುತ್ತಿದ್ದ ಪರಕೀಯರು.

ಸ್ವಾತಂತ್ರ್ಯ ಬಂದ ಮೇಲಿನದನ್ನು ಬೇಗ ಮುಗಿಸ್ತೀನಿ, ಅದು ನಿಮಗೆ ಹೆಚ್ಚು ಗೊತ್ತಿರೋದು. 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಕಡ್ಡಾಯ ಶಿಕ್ಷಣದ ವಯಸ್ಸನ್ನು 14ರಿಂದ 11ಕ್ಕೆ ಇಳಿಸಿ ಅಂತ ಒಬ್ಬ ಸದಸ್ಯರು ಕೇಳಿದರು, ದೇಶದ ಹತ್ತಿರ ಅಷ್ಟು ದುಡ್ಡಿಲ್ಲ ಅಂತ. ಬಾಬಾಸಾಹೇಬರು ಒಪ್ಪಲಿಲ್ಲ. 14 ವರ್ಷದ ಒಳಗಿನ ಮಗುವನ್ನು ಕೆಲಸಕ್ಕೆ ಹಚ್ಚಬಾರದು ಅಂತ ನಾವೇ ಬರೆದಿದ್ದೀವಿ, ಹಾಗಾದರೆ ಆ ಮಗು ಇರಬೇಕಾದ ಜಾಗ ಶಾಲೆ ಅಂದರು. 45ನೇ ವಿಧಿಯಲ್ಲಿ ಹತ್ತು ವರ್ಷದ ಗಡುವು ಬಿತ್ತು. ನಿರ್ದೇಶಕ ತತ್ವಗಳಲ್ಲಿ ಗಡುವು ಇದ್ದದ್ದು ಅದೊಂದಕ್ಕೇ. ಗಡುವು 1960ಕ್ಕೆ ಮುಗಿಯಿತು. ಶಾಲೆ ಬರಲಿಲ್ಲ.

1951ರಲ್ಲಿ ಮಂತ್ರಿ ಸ್ಥಾನ ಬಿಟ್ಟಾಗ ಅಕ್ಟೋಬರ್ 10ರಂದು ಕೊಟ್ಟ ಹೇಳಿಕೆಯಲ್ಲಿ ಇನ್ನೊಂದು ಲೆಕ್ಕ ಇದೆ. ಎಲ್ಲರೂ ಆ ಹೇಳಿಕೆಯನ್ನು ಹಿಂದೂ ಕೋಡ್ ಬಿಲ್ಲಿಗೆ ಮಾತ್ರ ಉಲ್ಲೇಖ ಮಾಡ್ತಾರೆ. ಸರ್ಕಾರದ ವಾರ್ಷಿಕ ಆದಾಯ 350 ಕೋಟಿ, ಅದರಲ್ಲಿ ಸೈನ್ಯಕ್ಕೆ 180 ಕೋಟಿ ಅಂತ ಅವರು ಅಲ್ಲಿ ಬರೆದಿದ್ದಾರೆ. ಅರ್ಧಕ್ಕಿಂತ ಹೆಚ್ಚು! ಸೈನ್ಯ ಬೇಡ ಅಂತ ಅವರು ಹೇಳಲಿಲ್ಲ. ವಿದೇಶಾಂಗ ನೀತಿ ಸರಿ ಇದ್ದಿದ್ದರೆ, ನೆರೆಯವರ ಜೊತೆಗಿನ ತಂಟೆ ಬಗೆಹರಿಸಿಕೊಂಡಿದ್ದರೆ ಇಷ್ಟು ಖರ್ಚು ಬೇಕಾಗುತ್ತಿರಲಿಲ್ಲ ಅಂದರು. ಪರಿಶಿಷ್ಟರ ಬಗ್ಗೆ ಸರ್ಕಾರ ತೋರಿದ ಅಸಡ್ಡೆಯೂ ಅದೇ ಹೇಳಿಕೆಯಲ್ಲಿದೆ. ಮಹಾರ್ ರೆಜಿಮೆಂಟ್ ಕಟ್ಟಿಸಿದ ಮನುಷ್ಯ ಸೈನ್ಯದ ಖರ್ಚನ್ನು ಪ್ರಶ್ನೆ ಮಾಡಬಹುದಾದರೆ, ನಾವು ಪ್ರಶ್ನೆ ಮಾಡಿದ ಕೂಡಲೇ ದೇಶದ್ರೋಹಿ ಹೇಗೆ ಆಗ್ತೀವಿ?

1962ರ ಚೀನಾ ಯುದ್ಧದ ನಂತರ ರಕ್ಷಣಾ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟಾಯಿತು. 1966ರಲ್ಲಿ ಕೊಠಾರಿ ಆಯೋಗ ರಾಷ್ಟ್ರೀಯ ಆದಾಯದ 6% ಶಿಕ್ಷಣಕ್ಕೆ ಹೋಗಬೇಕು, 1985-86ರೊಳಗೆ ಅದನ್ನು ಮುಟ್ಟಬೇಕು ಅಂತು. 2020ರ ಹೊಸ ಶಿಕ್ಷಣ ನೀತಿಯೂ ಅದೇ 6% ಅಂತ ಮತ್ತೆ ಬರೆದುಕೊಂಡಿದೆ. ಕೇಂದ್ರ, ರಾಜ್ಯ ಎಲ್ಲ ಕೂಡಿಸಿದರೂ ನಾವು 4%ರ ಆಸುಪಾಸಿನಲ್ಲೇ ಒದ್ದಾಡ್ತಿದ್ದೀವಿ.

ಈಗ ಇವತ್ತಿನ ಲೆಕ್ಕ. 2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ, ಶಿಕ್ಷಣ ಸಚಿವಾಲಯಕ್ಕೆ 1.28 ಲಕ್ಷ ಕೋಟಿ. ಇದನ್ನ ಹಾಕಿ "ಐದು ಪಟ್ಟು ನೋಡಿ" ಅಂತ ಪೋಸ್ಟರ್ ಮಾಡೋದು ಸುಲಭ, ಬಹಳ ಜನ ಮಾಡಿದ್ದೀರಿ. ಆದರೆ ನಾವು ಲೆಕ್ಕದಲ್ಲಿ ಪ್ರಾಮಾಣಿಕರಾಗಿರಬೇಕು, ಇಲ್ಲದಿದ್ದರೆ ಎದುರಿನವರು ಒಂದೇ ಏಟಿಗೆ ಬೀಳಿಸ್ತಾರೆ. ಶಾಲೆಯ ಖರ್ಚಿನ ದೊಡ್ಡ ಭಾಗ ರಾಜ್ಯಗಳದ್ದು, ಸೈನ್ಯದ್ದು ಪೂರ್ತಿ ಕೇಂದ್ರದ್ದು. ಆ 6.81 ಲಕ್ಷ ಕೋಟಿಯಲ್ಲಿ 1.60 ಲಕ್ಷ ಕೋಟಿ ನಿವೃತ್ತ ಸೈನಿಕರ ಪೆನ್ಶನ್. ಅದಕ್ಕೆ ಯಾರೂ ಕೈ ಹಾಕಬಾರದು.

ಹಾಗಾಗಿ ನಾನು ಬೇರೆ ಎರಡು ಮೊತ್ತ ಹಿಡಿಯುತ್ತೇನೆ. 2016ರಲ್ಲಿ ಫ್ರಾನ್ಸಿನಿಂದ 36 ರಫೇಲ್ ವಿಮಾನ ಕೊಳ್ಳುವ ಒಪ್ಪಂದ ಆಯಿತು, ಸುಮಾರು 59,000 ಕೋಟಿ. 2020ರ ಡಿಸೆಂಬರಿನಲ್ಲಿ ಪರಿಶಿಷ್ಟ ಜಾತಿಯ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿಗೆ ಕೇಂದ್ರ ಸಂಪುಟ ಐದು ವರ್ಷಕ್ಕೆ ಒಪ್ಪಿದ ಒಟ್ಟು ಮೊತ್ತ 59,048 ಕೋಟಿ, ರಾಜ್ಯಗಳ 40% ಪಾಲೂ ಸೇರಿ. ನಾಲ್ಕು ಕೋಟಿಗೂ ಹೆಚ್ಚು ಮಕ್ಕಳಿಗೆ ಅಂತ ಸರ್ಕಾರವೇ ಹೇಳಿತು. ನಾಲ್ಕು ಕೋಟಿ ದಲಿತ ಮಕ್ಕಳ ಐದು ವರ್ಷದ ಓದು, ಮೂವತ್ತಾರು ವಿಮಾನ, ಎರಡಕ್ಕೂ ಬೆಲೆ ಒಂದೇ. ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ವಿಮಾನದ ಕಂತು ತಡವಾಗಲ್ಲ, ನೆನಪಿಡಿ. ಸ್ಕಾಲರ್‌ಶಿಪ್ಪಿನ ಕಥೆ ಏನು? 2020ಕ್ಕೆ ಮುಂಚಿನ ಮೂರು ವರ್ಷ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ ಮಾತ್ರ. ಉಳಿದದ್ದನ್ನು ರಾಜ್ಯಗಳೇ ಭರಿಸಲಿ ಅಂತ ಕೈಬಿಟ್ಟಿದ್ದರು. ಕೂಗು ಎದ್ದಮೇಲೆ ಸರಿ ಮಾಡಿದರು. ಆ ಮೂರು ವರ್ಷದಲ್ಲಿ ಕಾಲೇಜು ಬಿಟ್ಟ ಮಕ್ಕಳಿಗೆ ಯಾರೂ ಕಾಲವನ್ನು ವಾಪಸ್ ಕೊಡಲ್ಲ. 2022ರಲ್ಲಿ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸಿದರು, ಅಲ್ಪಸಂಖ್ಯಾತರ ಮಕ್ಕಳಿಗೆ ಎಂಟನೇ ತರಗತಿವರೆಗಿನ ವಿದ್ಯಾರ್ಥಿವೇತನ ನಿಲ್ಲಿಸಿದರು. 2024-25ರಲ್ಲಿ ಯುಜಿಸಿಯ ಅನುದಾನ 6,409 ಕೋಟಿಯಿಂದ 2,500 ಕೋಟಿಗೆ ಇಳಿಯಿತು.

ದೆಹಲಿಯನ್ನೇ ಬಯ್ದು ಬೆಂಗಳೂರನ್ನು ಬಿಟ್ಟರೆ ಅನ್ಯಾಯ. ನಮ್ಮ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ 14,000 ಕೋಟಿಗೂ ಹೆಚ್ಚನ್ನು 2024-25ರಲ್ಲಿ ಗ್ಯಾರಂಟಿಗಳಿಗೆ ಹಾಕಿದವರು ಸಾಮಾಜಿಕ ನ್ಯಾಯದ ಮಾತಾಡುವವರೇ. ಅಲ್ಲಿ ಗಡಿಯ ನೆಪವೂ ಇರಲಿಲ್ಲ.

ಇನ್ನು ಆ ಹುಡುಗಿಯ ಅಣ್ಣ. ಅವನು ಅಗ್ನಿವೀರ. 2023ರ ಆರಂಭದಲ್ಲಿ ತರಬೇತಿಗೆ ಹೋದ ಮೊದಲ ತಂಡದವನು. ನಾಲ್ಕು ವರ್ಷದ ನೌಕರಿ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 30% ಸೇವಾ ನಿಧಿಗೆ ಕಡಿತ, ಕೈಗೆ 21,000. ನಾಲ್ಕು ವರ್ಷ ಮುಗಿದ ಮೇಲೆ ನೂರರಲ್ಲಿ 25 ಜನರನ್ನು ಇಟ್ಟುಕೊಳ್ಳಬಹುದು, ಉಳಿದವರು ಮನೆಗೆ, ಪೆನ್ಶನ್ ಇಲ್ಲ. ಸೈನಿಕನ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರಲ್ಲ, ಆ ಸೈನಿಕನ ಪಾಲಿಗೆ ಆ ದೊಡ್ಡ ಬಜೆಟ್ಟಿನಲ್ಲಿ ಇರೋದು ಇಷ್ಟು. ಅಜ್ಜನಿಗೂ ಪೆನ್ಶನ್ ಇರಲಿಲ್ಲ, ಈ ಹುಡುಗನಿಗೂ ಇಲ್ಲ.

ನಿನ್ನೆ ರಾತ್ರಿ ಆ ಹುಡುಗಿ ಫೋನ್ ಮಾಡಿದ್ದಳು. ಸೋಮವಾರ ಮತ್ತೆ ಕೂರ್ತೀವಿ, ಓದಲಿಕ್ಕೆ ಏನಾದರೂ ಕೊಡ್ರಿ ಅಣ್ಣಾ ಅಂದಳು. 1942ರ ಮನವಿ ಪತ್ರದ ಆ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನು.

"ಅಣ್ಣಾ, ಈ ಮೂರು ಲಕ್ಷ ಕೇಳಿದ ವರ್ಷಾನ ಕೊಟ್ರೇನ್ರಿ, ಇಲ್ಲಾ ತಡಾ ಆತ್ರಿ?"

"ಕೇಳಿದ್ದು ನಲವತ್ತೆರಡರಲ್ಲಿ, ಬಂದದ್ದು ನಲವತ್ನಾಲ್ಕರಲ್ಲಿ," ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೆರಳಲ್ಲಿ ಎಣಿಸ್ತಿದ್ದಳೋ ಏನೋ.

"ಅಂದ್ರ ಎರಡು ವರ್ಷ," ಅಂದಳು. "ನಮ್ಮಣ್ಣಂದು ಇನ್ನ ಒಂದ ವರ್ಷ ಉಳದೈತ್ರಿ."